ಕರಿ ಜೇನು: ಯಾರಿಗೆ ಮದ್ದು, ಯಾರಿಗೆ ಬೇಡ?

ಕಳೆದ ಚಳಿಗಾಲದ ಒಂದು ಸಂಜೆ, ಅಸರ್ ನಮಾಝ್ ಮುಗಿಸಿ ಬಂದು ಶ್ರೀರಂಗಪಟ್ಟಣದ ನನ್ನ ಕ್ಲಿನಿಕ್‌ನ ಬಾಗಿಲು ತೆರೆಯುತ್ತಿದ್ದೆ. ಪಾಂಡವಪುರದ ಹಿರಿಯರೊಬ್ಬರು ಆಗಲೇ ಬಂದು ಕಾಯುತ್ತಿದ್ದರು. ಕೈಚೀಲದಿಂದ ಒಂದು ಗಾಜಿನ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಕಪ್ಪಗೆ, ಮಂದವಾಗಿ ಏನೋ ಇತ್ತು.

“ಹಕೀಮ್ ಸಾಬ್, ದುಬೈನಲ್ಲಿರೋ ಮಗ ಕಳಿಸಿದ್ದಾನೆ. ಶಹದ್ ಅಂತಾನೆ. ನನಗೆ ನೋಡಿದರೆ ಕಾಕಂಬಿ ಥರ ಕಾಣ್ತದೆ. ಇದು ಜೇನೇನಾ?”

ಅವರ ಅನುಮಾನ ಸಹಜವೇ. ಸಕ್ಕರೆ ಕಾರ್ಖಾನೆಯ ಊರಿನವರು, ಕಾಕಂಬಿಯ ಬಣ್ಣ ಚೆನ್ನಾಗಿ ಬಲ್ಲವರು. ಬಾಟಲಿಯ ಮೇಲಿನ ಚೀಟಿ ಓದಿದೆ: ಬಕ್‌ವೀಟ್ ಜೇನು. “ಜೇನೇ ಚಾಚಾ, ಇದರ ಬಣ್ಣವೇ ಹೀಗೆ” ಎಂದೆ. ಅವರ ಮುಖ ಅರಳಿತು. ಮನೆಯಲ್ಲಿ ನಾಲ್ಕು ವರ್ಷದ ಮೊಮ್ಮಗನಿಗೆ ನೆಗಡಿ, ರಾತ್ರಿಯೆಲ್ಲ ಕೆಮ್ಮು. ಅವನಿಗೆ ಕೊಡಬಹುದೇ ಎಂದು ಕೇಳಿದರು. ಕೊಡಬಹುದು ಎಂದೆ. ಏಳುವಾಗ ಮತ್ತೊಂದು ಮಾತು ಸೇರಿಸಿದರು: “ಸೊಸೆಗೆ ಈ ವಾರ ಹೆರಿಗೆ. ಕೂಸಿಗೆ ಘುಟ್ಟಿಗೂ ಇದನ್ನೇ ಇಟ್ಟಿದ್ದೇನೆ.”

ನಾನು ಅವರನ್ನು ಮತ್ತೆ ಕೂರಿಸಿದೆ. ಆ ದಿನ ಅವರಿಗೆ ಹೇಳಿದ್ದನ್ನೇ ಇಂದು ಈ ಪುಟದಲ್ಲಿ ನಿಮ್ಮೆಲ್ಲರಿಗೂ ಹೇಳುತ್ತಿದ್ದೇನೆ. ಒಂದೇ ಬಾಟಲಿಯ ಜೇನು ಒಂದು ಮಗುವಿಗೆ ಮದ್ದು, ಇನ್ನೊಂದು ಮಗುವಿಗೆ ಅಪಾಯ. ಈ ವ್ಯತ್ಯಾಸ ಪ್ರತಿ ಮನೆಯವರಿಗೂ ಗೊತ್ತಿರಬೇಕು.

ಏನಿದು ಬಕ್‌ವೀಟ್?

ಹೆಸರಿನಲ್ಲಿ ‘ವೀಟ್’ ಇದ್ದರೂ ಇದು ಗೋಧಿಯಲ್ಲ, ಗೋಧಿಯ ನೆಂಟನೂ ಅಲ್ಲ. ನಮ್ಮ ಮನೆಗಳಲ್ಲಿ ದಾಲ್‌ಗೆ ಹಾಕುವ ಹುಳಿ ರುಚಿಯ ಚುಕ್ಕಾ ಸೊಪ್ಪಿನ ಕುಟುಂಬಕ್ಕೆ ಸೇರಿದ ಗಿಡ. ಕಾಳಿಗೆ ಮೂರು ಮೂಲೆ. ಉತ್ತರ ಭಾರತದಲ್ಲಿ ಇದಕ್ಕೆ ಕುಟ್ಟು ಎನ್ನುತ್ತಾರೆ. ನವರಾತ್ರಿಯ ಉಪವಾಸದಲ್ಲಿ ಹಿಂದೂ ಸಹೋದರರು ಕುಟ್ಟು ಹಿಟ್ಟಿನ ಪೂರಿ ಮಾಡುತ್ತಾರೆ. ನಮ್ಮ ದೇಶದಲ್ಲಿ ಹಿಮಾಲಯದ ತಪ್ಪಲಿನ ರಾಜ್ಯಗಳಲ್ಲಿ ಬೆಳೆಯುತ್ತದೆ. ರಷ್ಯಾ, ಉಕ್ರೇನ್, ಚೀನಾ, ಪೋಲೆಂಡ್, ಕೆನಡಾ, ಅಮೆರಿಕದಲ್ಲಿ ದೊಡ್ಡ ಬೆಳೆ. ಭತ್ತ, ಕಬ್ಬು, ರಾಗಿ, ತೆಂಗಿನ ನಮ್ಮ ಸೀಮೆಯಲ್ಲಿ ಅದರ ಹೊಲವಿಲ್ಲ. ಹಾಗಾಗಿ ಇಲ್ಲಿಯ ಅಂಗಡಿಯಲ್ಲಿ ಆ ಜೇನು ಸಿಕ್ಕರೆ ಅದು ದೂರದಿಂದ ಬಂದದ್ದೇ.

ಬಕ್‌ವೀಟ್ ಹೂವು ಸಣ್ಣದು, ಬಿಳಿ. ಬೆಳಗಿನ ಹೊತ್ತು ಮಾತ್ರ ಮಕರಂದ ಸುರಿಸುತ್ತದೆ, ಮಧ್ಯಾಹ್ನದ ಹೊತ್ತಿಗೆ ನಿಲ್ಲುತ್ತದೆ. ಹೂವು ಬಿಳಿಯಾದರೂ ಜೇನು ಗಾಢ ಕಂದು, ಹೆಚ್ಚು ಕಡಿಮೆ ಕಪ್ಪು. ವಾಸನೆ ಜೋರು. ರುಚಿ ಬೆಲ್ಲದ ಪಾಕಕ್ಕೆ ಹತ್ತಿರ, ಕೊನೆಯಲ್ಲಿ ಸ್ವಲ್ಪ ಒಗರು. ತಿಳಿ ಜೇನು ತಿಂದು ರೂಢಿಯಾದವರಿಗೆ ಮೊದಲ ಚಮಚ ಹಿಡಿಸುವುದಿಲ್ಲ.

ಪವಿತ್ರ ಕುರ್‌ಆನಿನ 16ನೇ ಅಧ್ಯಾಯದ ಹೆಸರೇ ಅನ್ನಹ್ಲ್, ಅಂದರೆ ಜೇನುನೊಣ. ಅದರ 68 ಮತ್ತು 69ನೇ ಸೂಕ್ತಗಳು ಜೇನುನೊಣದ ಕುರಿತಾಗಿವೆ. ಅದರ ಹೊಟ್ಟೆಯಿಂದ ಬರುವ ಪಾನೀಯಕ್ಕೆ ಬೇರೆ ಬೇರೆ ಬಣ್ಣಗಳಿವೆಯೆಂದೂ ಜನರಿಗೆ ಅದರಲ್ಲಿ ಶಮನವಿದೆಯೆಂದೂ ಅಲ್ಲಿ ತಿಳಿಸಲಾಗಿದೆ. ಬಣ್ಣಗಳ ಮಾತು ಅಲ್ಲೇ ಬಂದಿದೆ ನೋಡಿ. ಹೂವು ಬದಲಾದಂತೆ ಜೇನಿನ ಬಣ್ಣ, ರುಚಿ, ಗುಣ ಬದಲಾಗುತ್ತವೆ. ಹೊಂಬಣ್ಣದ್ದು ಮಾತ್ರ ಅಸಲಿ ಎಂಬ ನಂಬಿಕೆ ಸರಿಯಲ್ಲ.

ಜೇನಿನೊಳಗೆ ಏನಿದೆ?

ಯಾವುದೇ ಜೇನಿನಲ್ಲಿ ಸುಮಾರು 80 ಭಾಗ ಸಕ್ಕರೆ ಅಂಶಗಳು. ಅದರಲ್ಲಿ ಹೆಚ್ಚಿನದು ಫ್ರಕ್ಟೋಸ್ ಮತ್ತು ಗ್ಲೂಕೋಸ್. ಉಳಿದದ್ದರಲ್ಲಿ ಬಹುಪಾಲು ನೀರು. ಇವೆರಡನ್ನು ಬಿಟ್ಟು ಉಳಿಯುವ ಒಂದೆರಡು ಭಾಗದಲ್ಲೇ ಜೇನಿನ ವಿಶೇಷ ಅಡಗಿದೆ. ನೊಣ ಬೆರೆಸಿದ ಕಿಣ್ವಗಳಿವೆ. ಅವುಗಳಲ್ಲಿ ಒಂದು, ಜೇನಿಗೆ ನೀರಿನಂಶ ತಾಗಿದಾಗ ಅಲ್ಪ ಪ್ರಮಾಣದಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಉಂಟುಮಾಡುತ್ತದೆ. ಸೂಕ್ಷ್ಮಜೀವಿಗಳನ್ನು ತಡೆಯುವ ಶಕ್ತಿಗೆ ಇದೂ ಒಂದು ಕಾರಣ. ಹೂವಿನಿಂದ ಬಂದ ಫೀನಾಲಿಕ್ ಅಂಶಗಳಿವೆ, ಖನಿಜಗಳಿವೆ.

ಸಾಮಾನ್ಯವಾಗಿ ಬಣ್ಣ ಗಾಢವಾದಷ್ಟೂ ಈ ಫೀನಾಲಿಕ್ ಅಂಶ ಹೆಚ್ಚು, ಆಂಟಿ ಆಕ್ಸಿಡೆಂಟ್ ಗುಣವೂ ಹೆಚ್ಚು. ಬಕ್‌ವೀಟ್ ಜೇನು ಈ ಲೆಕ್ಕದಲ್ಲಿ ಮುಂದಿನ ಸಾಲಿನದು. ಕಬ್ಬಿಣದಂಥ ಖನಿಜಗಳೂ ತಿಳಿ ಜೇನಿಗಿಂತ ಅದರಲ್ಲಿ ಜಾಸ್ತಿ. ಆದರೆ ನಾವು ತಿನ್ನುವುದು ಒಂದೋ ಎರಡೋ ಚಮಚ. ಅಷ್ಟರಲ್ಲಿ ಸಿಗುವ ಕಬ್ಬಿಣ ತೀರಾ ಕಡಿಮೆ. ರಕ್ತಹೀನತೆಯಿರುವ ಹೆಣ್ಣುಮಕ್ಕಳು ಕರಿ ಜೇನು ತಿಂದರೆ ರಕ್ತ ಏರುತ್ತದೆ ಎಂದು ನಂಬಿ ಮಾತ್ರೆ ಬಿಡಬಾರದು. ಅವರಿಗೆ ನುಗ್ಗೆಸೊಪ್ಪು, ರಾಗಿ, ಮಾಂಸ, ಹುರುಳಿ, ಜೊತೆಗೆ ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆ ಬೇಕು.

ಕೆಮ್ಮಿಗೆ ಜೇನು

ಬಕ್‌ವೀಟ್ ಜೇನು ಹೆಸರಾದದ್ದು 2007ರಲ್ಲಿ. ಅಮೆರಿಕದ ಪೆನ್ಸಿಲ್ವೇನಿಯಾದ ವೈದ್ಯರು ನೆಗಡಿಯಿಂದ ರಾತ್ರಿ ಕೆಮ್ಮುತ್ತಿದ್ದ 2ರಿಂದ 18 ವರ್ಷದ 105 ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಮಲಗುವ ಅರ್ಧ ಗಂಟೆ ಮೊದಲು ಒಂದು ಸಲ ಬಕ್‌ವೀಟ್ ಜೇನು ಕೊಟ್ಟರು. ಇನ್ನೊಂದಕ್ಕೆ ಜೇನಿನ ರುಚಿ ಬೆರೆಸಿದ ಕೆಮ್ಮಿನ ಔಷಧಿ. ಮೂರನೆಯದಕ್ಕೆ ಏನೂ ಇಲ್ಲ. ಮರುದಿನ ತಂದೆತಾಯಿಯರನ್ನು ಕೇಳಿದಾಗ, ಕೆಮ್ಮು ತಗ್ಗಿ ನಿದ್ದೆ ಬಂದದ್ದು ಜೇನು ಕುಡಿದ ಮಕ್ಕಳಿಗೇ ಹೆಚ್ಚು ಎಂದು ತಿಳಿಯಿತು.

ಹಾಗಾದರೆ ಬಕ್‌ವೀಟ್ ಜೇನನ್ನೇ ತರಿಸಬೇಕೇ? ಬೇಕಿಲ್ಲ. 2012ರಲ್ಲಿ ಪ್ರಕಟವಾದ ಇಸ್ರೇಲಿನ ಅಧ್ಯಯನದಲ್ಲಿ 1ರಿಂದ 5 ವರ್ಷದ 300 ಮಕ್ಕಳಿಗೆ ನೀಲಗಿರಿ ಹೂವಿನ ಜೇನು, ಕಿತ್ತಳೆ ಜಾತಿಯ ಹೂವಿನ ಜೇನು, ತುಳಸಿ ಪುದೀನಾ ಕುಟುಂಬದ ಹೂವುಗಳ ಜೇನು ಅಥವಾ ಖರ್ಜೂರದ ಪಾಕ ಕೊಟ್ಟರು. ಮೂರು ಬಗೆಯ ಜೇನೂ ಖರ್ಜೂರದ ಪಾಕಕ್ಕಿಂತ ಚೆನ್ನಾಗಿ ಕೆಲಸ ಮಾಡಿದವು. ಅಂದರೆ ಗುಣ ಒಂದು ಹೂವಿನದಲ್ಲ, ಒಳ್ಳೆಯ ಜೇನಿನದು. ನಿಮ್ಮ ಮಗ ವಿದೇಶದಿಂದ ಕಳಿಸಿದ್ದರೆ ಬಳಸಿ. ಇಲ್ಲದಿದ್ದರೆ ನಮ್ಮ ಹೊಂಗೆ, ತೆಂಗಿನ ಹೂವಿನ ಜೇನೇ ಸಾಕು. ಅದಕ್ಕಾಗಿ ಹಲವು ಪಟ್ಟು ಹಣ ಕೊಡಬೇಡಿ.

ಕೊಡುವ ಅಳತೆ: ಒಂದು ವರ್ಷ ತುಂಬಿದ ಮಕ್ಕಳಿಂದ ಐದು ವರ್ಷದವರೆಗೆ ಅರ್ಧ ಟೀ ಚಮಚ, ಆರರಿಂದ ಹನ್ನೊಂದು ವರ್ಷದವರಿಗೆ ಒಂದು ಚಮಚ, ಅದರ ಮೇಲ್ಪಟ್ಟವರಿಗೆ ಎರಡು ಚಮಚ. ಮಲಗುವ ಅರ್ಧ ಗಂಟೆ ಮೊದಲು ನೆಕ್ಕಿಸಬೇಕು, ಬಳಿಕ ಬಾಯಿ ಮುಕ್ಕಳಿಸಿಸಬೇಕು. ಇಲ್ಲದಿದ್ದರೆ ಹಲ್ಲು ಹುಳುಕಾಗುತ್ತದೆ. ಪರಾಗ ಅಥವಾ ಜೇನು ಒಗ್ಗದವರು, ಅಂದರೆ ಅಲರ್ಜಿಯಿರುವವರು, ತಿನ್ನಬಾರದು.

ಮಗು ಏದುಸಿರು ಬಿಡುತ್ತಿದ್ದರೆ, ಉಸಿರೆಳೆದಾಗ ಪಕ್ಕೆ ಒಳಗೆ ಹೋಗುತ್ತಿದ್ದರೆ, ತುಟಿ ನೀಲಿಯಾದರೆ ಜೇನಿನ ಬಾಟಲಿ ಹುಡುಕದೆ ಆಸ್ಪತ್ರೆಗೆ ಓಡಿ. ಯಾರಿಗೇ ಆಗಲಿ ಎರಡು ವಾರ ಮೀರಿ ಕೆಮ್ಮಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ. ಕ್ಷಯಕ್ಕೆ ಜೇನು ಮದ್ದಲ್ಲ.

ಯುನಾನಿಯಲ್ಲಿ ಜೇನಿನ ಸ್ಥಾನ

ನಮ್ಮ ವೈದ್ಯಪದ್ಧತಿಯಲ್ಲಿ ಜೇನಿಗೆ ‘ಅಸಲ್’ ಎಂದು ಹೆಸರು. ಅದರ ಮಿಜಾಝ್, ಅಂದರೆ ಪ್ರಕೃತಿ, ಉಷ್ಣ ಮತ್ತು ಶುಷ್ಕ. ಆದ್ದರಿಂದ ಬಲ್ಗಮ್, ಅಂದರೆ ಕಫ, ಹೆಚ್ಚಿದ ತೊಂದರೆಗಳಲ್ಲಿ ಕೊಡುತ್ತೇವೆ. ಉಷ್ಣ ಶರೀರದವರಿಗೆ, ಬೇಸಿಗೆಯಲ್ಲಿ, ಅಳತೆ ಕಡಿಮೆ ಮಾಡುತ್ತೇವೆ. ಮಅಜೂನ್, ಇತ್ರೀಫಲ್, ಜವಾರಿಶ್‌ಗಳಂಥ ಲೇಹ್ಯ ರೂಪದ ಔಷಧಿಗಳಿಗೆ ಜೇನಿನ ಪಾಕವೇ ಬುನಾದಿ. ಗಿಡಮೂಲಿಕೆಯ ಪುಡಿ ಕೆಡದಂತೆ ಕಾಪಾಡುವುದೂ ಕಹಿ ಮುಚ್ಚುವುದೂ ಅದೇ. ಜೇನು ಮತ್ತು ಸಿರ್ಕಾ ಸೇರಿಸಿದ ಸಿಕಂಜಬೀನ್ ಗ್ರೀಕರ ಕಾಲದಿಂದ ಬಂದದ್ದು.

ಇನ್ನೊಂದು ಮಾವುಲ್ ಅಸಲ್. ಜೇನಿಗೆ ನೀರು ಬೆರೆಸಿ ಸಣ್ಣ ಉರಿಯಲ್ಲಿ ಕಾಯಿಸಿ, ನೊರೆ ತೆಗೆದು ಮಾಡುವ ಪಾನೀಯ. ಹಳೆಯ ಗ್ರಂಥಗಳು ಫಾಲಿಜ್ ಅಂದರೆ ಲಕ್ವ ಹೊಡೆದವರಿಗೆ ಮೊದಲ ಕೆಲವು ದಿನ ಇದನ್ನು ಕೊಡಿ ಎನ್ನುತ್ತವೆ. ಈ ಮಾತು ಹಿಡಿದುಕೊಂಡು ಲಕ್ವ ಹೊಡೆದವರನ್ನು ನೇರವಾಗಿ ನನ್ನ ಬಳಿ ಕರೆತರುವವರು ಇಂದಿಗೂ ಇದ್ದಾರೆ. ಅವರಿಗೆ ನಾನು ಹೇಳುವುದು ಒಂದೇ: ಬಾಯಿ ಸೊಟ್ಟಗಾದರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಮೊದಲು ಸ್ಕ್ಯಾನ್ ಇರುವ ದೊಡ್ಡ ಆಸ್ಪತ್ರೆ. ರಕ್ತ ಹೆಪ್ಪುಗಟ್ಟಿ ಆದ ಲಕ್ವಕ್ಕೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನುಂಗಲು ಕಷ್ಟವಾಗಿರುವ ಆ ಹೊತ್ತಿನಲ್ಲಿ ಬಾಯಿಗೆ ಏನು ಹಾಕಿದರೂ ಶ್ವಾಸಕೋಶಕ್ಕೆ ಇಳಿಯುವ ಭಯವಿದೆ. ನಮ್ಮ ಚಿಕಿತ್ಸೆ ಆಮೇಲಿನದು. ಇಬ್ನ್ ಸೀನಾ ಅವರ ಕಾಲದಲ್ಲಿ ಸ್ಕ್ಯಾನ್ ಇರಲಿಲ್ಲ, ನಮ್ಮ ಕಾಲದಲ್ಲಿ ಇದೆ.

ಹಸುಗೂಸಿಗೆ ಜೇನು ಬೇಡ

ಈಗ ಘುಟ್ಟಿಯ ಮಾತು. ಕೂಸು ಹುಟ್ಟಿದ ಕೂಡಲೇ ಮನೆಯ ಹಿರಿಯರು ಬೆರಳಿಗೆ ಜೇನು ಹಚ್ಚಿ ನೆಕ್ಕಿಸುವ ರೂಢಿ ನಮ್ಮಲ್ಲಿ ಅನೇಕ ಮನೆಗಳಲ್ಲಿದೆ. ಪ್ರೀತಿಯಿಂದ ಮಾಡುವ ಕೆಲಸವೇ. ಆದರೆ ಒಂದು ವರ್ಷ ತುಂಬದ ಮಗುವಿಗೆ ಯಾವ ಜೇನನ್ನೂ, ಎಷ್ಟೇ ಶುದ್ಧವಾಗಿದ್ದರೂ, ಒಂದು ಹನಿಯನ್ನೂ ಕೊಡಬಾರದು.

ಕಾರಣ ಹೀಗಿದೆ. ಮಣ್ಣಿನಲ್ಲಿ, ಧೂಳಿನಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯದ ಬೀಜಕಣಗಳಿರುತ್ತವೆ. ಅವು ಜೇನಿನಲ್ಲೂ ಸೇರಿರಬಹುದು. ಜೇನಿನಲ್ಲಿ ಅವು ಬೆಳೆಯುವುದಿಲ್ಲ, ಸಾಯುವುದೂ ಇಲ್ಲ, ನಿದ್ದೆಯಲ್ಲಿರುತ್ತವೆ. ದೊಡ್ಡವರ ಕರುಳಿನಲ್ಲಿ ನೆಲೆಸಿರುವ ಒಳ್ಳೆಯ ಬ್ಯಾಕ್ಟೀರಿಯಗಳು ಇವಕ್ಕೆ ಜಾಗ ಕೊಡುವುದಿಲ್ಲ. ಹಸುಗೂಸಿನ ಕರುಳು ಇನ್ನೂ ಅಷ್ಟು ಬಲಿತಿರುವುದಿಲ್ಲ. ಅಲ್ಲಿ ಬೀಜಕಣ ಮೊಳೆತು ವಿಷ ಉತ್ಪತ್ತಿಯಾಗುತ್ತದೆ, ಆ ವಿಷ ನರಗಳನ್ನು ಹಿಡಿಯುತ್ತದೆ. 1976ರಲ್ಲಿ ಅಮೆರಿಕದಲ್ಲಿ ಈ ಕಾಯಿಲೆಯನ್ನು ಮೊದಲ ಬಾರಿಗೆ ಗುರುತಿಸಿದರು. ಮೊದಲು ಮಲಬದ್ಧತೆ, ಆಮೇಲೆ ಮೊಲೆ ಚೀಪುವ ಶಕ್ತಿ ಕುಂದುವುದು, ಅಳು ಕ್ಷೀಣಿಸುವುದು, ರೆಪ್ಪೆ ಇಳಿಬೀಳುವುದು, ಕತ್ತು ನಿಲ್ಲದಿರುವುದು, ಕೊನೆಗೆ ಉಸಿರಾಟಕ್ಕೇ ತೊಂದರೆ. ಇದು ವಿರಳ ಕಾಯಿಲೆ. ಆದರೆ ಬಂದರೆ ಮಗುವನ್ನು ವಾರಗಟ್ಟಲೆ ಆಸ್ಪತ್ರೆಯಲ್ಲಿ ಇಡಬೇಕಾಗುತ್ತದೆ.

ಮನೆಯಲ್ಲಿ ಕಾಯಿಸಿದರೆ ಈ ಬೀಜಕಣ ಸಾಯುವುದಿಲ್ಲ. ಹಾಲಿಗೆ ಬೆರೆಸಿದರೂ, ಚೀಪುವ ನಿಪ್ಪಲ್‌ಗೆ ಹಚ್ಚಿದರೂ ಅಪಾಯ ಅಷ್ಟೇ. ತಿಳಿ ಜೇನು, ಕರಿ ಜೇನು ಎಂಬ ಭೇದವೂ ಇಲ್ಲ.

“ನಾವೆಲ್ಲ ಅದನ್ನೇ ನೆಕ್ಕಿ ಬೆಳೆದವರಲ್ಲವೇ?” ಎಂದು ಅಜ್ಜಿಯರು ಕೇಳುತ್ತಾರೆ. ಹೌದು. ನನ್ನ ಮೊದಲ ಮಗು ಹುಟ್ಟಿದಾಗ ನನ್ನ ಅಮ್ಮಿಯೂ ಜೇನು ನೆಕ್ಕಿಸಿದರು. ಆಗ ನಾನು ಯುನಾನಿ ಪದವಿ ಮುಗಿಸಿದ್ದೆ, ಈ ಅಪಾಯವನ್ನು ಓದಿದ್ದೆ. ಆದರೂ ಅಮ್ಮಿಯ ಸಂತೋಷ ಕೆಡಿಸಲು ಮನಸ್ಸಾಗದೆ ಬಾಗಿಲ ಬಳಿ ಸುಮ್ಮನೆ ನಿಂತೆ. ಅಲ್ಲಾಹನ ಕೃಪೆಯಿಂದ ಮಗುವಿಗೆ ಏನೂ ಆಗಲಿಲ್ಲ. ಆದರೆ ಅದಾದ ಮೇಲೆ ಎಷ್ಟೋ ದಿನ ಮಗು ಮೊಲೆ ಬಿಟ್ಟು ಮಲಗಿದಾಗಲೆಲ್ಲ ಎದ್ದು ಹೋಗಿ ರೆಪ್ಪೆ ನೋಡುತ್ತಿದ್ದೆ. ಎರಡನೆಯ ಮಗುವಿನ ಹೊತ್ತಿಗೆ ಮೊದಲೇ ಕೂತು ಅಮ್ಮಿಗೆ ವಿವರಿಸಿದೆ. ಅವರು ಸಿಟ್ಟಾಗಲಿಲ್ಲ. “ಮೊದಲನೇ ಸಲವೇ ಹೇಳಬಾರದಿತ್ತೇ?” ಎಂದರು, ಅಷ್ಟೇ.

ಇದರಿಂದ ಸುನ್ನತ್ ಬಿಟ್ಟಂತಾಗುತ್ತದೆಯೇ ಎಂಬ ಚಿಂತೆ ಬೇಡ. ತಹ್ನೀಕ್ ಎಂದರೆ ಪ್ರವಾದಿ(ಸ)ಯವರು ಖರ್ಜೂರವನ್ನು ಮೆದುಗೊಳಿಸಿ ಶಿಶುವಿನ ಅಂಗುಳಿಗೆ ತಾಗಿಸಿದ್ದು. ಹದೀಸ್‌ಗಳಲ್ಲಿ ಪ್ರಸಿದ್ಧವಾಗಿರುವುದು ಖರ್ಜೂರವೇ. ಖರ್ಜೂರ ಸಿಗದ ಕಡೆ ಬೇರೆ ಸಿಹಿ ಆದೀತೆಂದು ಕೆಲವು ವಿದ್ವಾಂಸರು ಜೇನನ್ನು ಹೆಸರಿಸಿದ್ದಾರೆ. ಇಂದು ಖರ್ಜೂರ ಸಿಗದ ಊರು ಯಾವುದಿದೆ? ಕೆ.ಆರ್. ಪೇಟೆಯ ಸಂತೆಯಲ್ಲೂ ಸಿಗುತ್ತದೆ, ನಾಗಮಂಗಲದ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಕೈ ಸೋಪಿನಿಂದ ತೊಳೆದು, ಶುಚಿಯಾದ ಖರ್ಜೂರದ ರಸವನ್ನು ಬೆರಳ ತುದಿಯಿಂದ ಅಂಗುಳಿಗೆ ತಾಗಿಸಿದರೆ ಸಾಕು. ಚೂರು ಗಂಟಲಿಗೆ ಹೋಗದಂತೆ ನೋಡಿಕೊಳ್ಳಿ. ಕೆಮ್ಮು, ಬಾಯಿಹುಣ್ಣು ಇರುವವರು ಇದನ್ನು ಮಾಡದಿರಲಿ. ತಿಂಗಳು ತುಂಬದೆ ಹುಟ್ಟಿದ ಕೂಸಾದರೆ ವೈದ್ಯರನ್ನು ಕೇಳಿಯೇ ಮಾಡಿ. ಆಮೇಲೆ ಆರು ತಿಂಗಳು ತಾಯಿಯ ಹಾಲು ಮಾತ್ರ.

ಸಕ್ಕರೆ ಕಾಯಿಲೆಯವರಿಗೆ

“ಅಸಲಿ ಜೇನು ಶುಗರ್ ಏರಿಸುವುದಿಲ್ಲ” ಎಂಬ ಮಾತು ನನ್ನ ಕ್ಲಿನಿಕ್‌ನಲ್ಲಿ ವಾರಕ್ಕೊಮ್ಮೆಯಾದರೂ ಕೇಳಿಬರುತ್ತದೆ. ಇದು ನಿಜವಲ್ಲ. ಒಂದು ಟೀ ಚಮಚ ಸಕ್ಕರೆ ಸುಮಾರು 4 ಗ್ರಾಂ, 16 ಕ್ಯಾಲೊರಿ. ಅದೇ ಚಮಚದ ಜೇನು 7 ಗ್ರಾಂ, 21 ಕ್ಯಾಲೊರಿ. ಸಕ್ಕರೆಗಿಂತ ಸ್ವಲ್ಪ ನಿಧಾನವಾಗಿ ರಕ್ತಕ್ಕೆ ಏರಬಹುದು, ಏರುವುದಂತೂ ಖಂಡಿತ. ಜೇನಿನಲ್ಲಿ ಶಮನವಿದೆ ಎಂದರೆ ಎಲ್ಲರಿಗೂ, ಎಲ್ಲ ಹೊತ್ತಿಗೂ, ಎಷ್ಟು ಬೇಕಾದರೂ ಎಂದಲ್ಲ. ಯಾವ ಮದ್ದಿಗೂ ಅಳತೆಯಿದೆ. ಸಕ್ಕರೆ ಕಾಯಿಲೆಯವರು ಬೆಳಗಿನ ಜೇನುನೀರು ಬಿಡುವುದೇ ಒಳ್ಳೆಯದು.

ಅಸಲಿ ಯಾವುದು, ನಕಲಿ ಯಾವುದು?

ಗಾಢ ಬಣ್ಣದ ಜೇನಿಗೆ ಹೆಸರು ಬಂದದ್ದೇ ತಡ, ಬಣ್ಣದಲ್ಲೇ ಮೋಸ ಶುರುವಾಗಿದೆ. ಆಲೆಮನೆಗಳ ಸೀಮೆ ನಮ್ಮದು. ಬೆಲ್ಲದ ಪಾಕಕ್ಕೆ ಕಪ್ಪು ಬಣ್ಣ ಬರಿಸುವುದು ಎಷ್ಟು ಸುಲಭವೆಂದು ನಿಮಗೆ ಹೇಳಬೇಕಿಲ್ಲ. ರಸ್ತೆ ಬದಿ ಬಕೆಟ್‌ನ ಮೇಲೊಂದು ಜೇನುಹುಟ್ಟು ಇಟ್ಟರೆ ಕೆಳಗಿರುವುದೆಲ್ಲ ಜೇನೆಂದು ಅರ್ಥವಲ್ಲ. ಬ್ರಾಂಡ್ ಜೇನಿನ ಕಥೆಯೂ ಪೂರ್ತಿ ನೆಟ್ಟಗಿಲ್ಲ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2020ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ತನಿಖೆಯಲ್ಲಿ 13 ಬ್ರಾಂಡ್‌ಗಳ ಪೈಕಿ ಎಲ್ಲ ಪರೀಕ್ಷೆಗಳಲ್ಲಿ ತೇರ್ಗಡೆಯಾದದ್ದು 3 ಮಾತ್ರ. ಕೆಲವು ಕಂಪನಿಗಳು ಇದನ್ನು ಒಪ್ಪಲಿಲ್ಲ.

ನೀರಿಗೆ ಹನಿ ಬಿಡುವುದು, ಬತ್ತಿಗೆ ಹಚ್ಚಿ ಉರಿಸುವುದು, ಇರುವೆ ಮುತ್ತುತ್ತದೆಯೇ ನೋಡುವುದು ಇವು ಯಾವುವೂ ಭರವಸೆಯ ಪರೀಕ್ಷೆಗಳಲ್ಲ. ಮಂದವಾದ ಸಕ್ಕರೆ ಪಾಕವೂ ಅವುಗಳಲ್ಲಿ ಪಾಸಾಗುತ್ತದೆ. ಗಟ್ಟಿಯಾಗಿ ಹರಳುಗಟ್ಟಿದ ಜೇನು ನಕಲಿ ಎಂಬುದೂ ತಪ್ಪು. ಅಸಲಿ ಜೇನೂ ಚಳಿಗೆ ಹರಳುಗಟ್ಟುತ್ತದೆ. ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿಟ್ಟರೆ ಕರಗುತ್ತದೆ.

ಖಚಿತ ಪರೀಕ್ಷೆ ಪ್ರಯೋಗಾಲಯದ್ದು. ನಮ್ಮ ಕೈಲಿರುವ ಉಪಾಯ, ಪೆಟ್ಟಿಗೆ ಇಟ್ಟು ಜೇನು ಸಾಕುವ ಪರಿಚಯದ ರೈತರಿಂದ ಕೊಳ್ಳುವುದು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಜೇನು ಕುಟುಂಬಗಳಲ್ಲಿ ಬಹುಪಾಲನ್ನು ನಾಶ ಮಾಡಿತ್ತು. ಅದಾದ ಮೇಲೆ ನಿಧಾನವಾಗಿ ಮತ್ತೆ ಪೆಟ್ಟಿಗೆಗಳು ಬಂದಿವೆ. ತೋಟಗಾರಿಕೆ ಇಲಾಖೆಯವರನ್ನು ಕೇಳಿದರೆ ತಾಲ್ಲೂಕಿನ ಜೇನು ಸಾಕಣೆದಾರರ ವಿಷಯ ತಿಳಿಯುತ್ತದೆ. ಗಾಢ ಬಣ್ಣದ್ದೇ ಬೇಕೆಂದರೆ ಮಲೆನಾಡಿನ ನೇರಳೆ ಹೂವಿನ ಜೇನಿದೆ. ಅದೂ ಗಾಢವೇ, ಕೊನೆಯಲ್ಲಿ ಸ್ವಲ್ಪ ಕಹಿ.

ದಿನಬಳಕೆಗೆ ಕೆಲವು ಮಾತು

ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ ಒಂದೆರಡು ಟೀ ಚಮಚ ಸಾಕು. ಅದೂ ಸಕ್ಕರೆಯ ಬದಲಿಗೆ, ಸಕ್ಕರೆಯ ಜೊತೆಗಲ್ಲ. ಕುದಿಯುವ ಚಹಾಕ್ಕೆ ಹಾಕಬೇಡಿ, ಹೆಚ್ಚು ಶಾಖಕ್ಕೆ ಕಿಣ್ವಗಳು ಹಾಳಾಗುತ್ತವೆ. ಉಗುರು ಬೆಚ್ಚಗಿನ ನೀರಾದರೆ ಸರಿ. ಗಂಟಲು ಕೆರೆತಕ್ಕೆ ಶುಂಠಿರಸದ ನಾಲ್ಕು ಹನಿಯೊಂದಿಗೆ ಒಂದು ಚಮಚ ನೆಕ್ಕಬಹುದು. ರಮಝಾನಿನ ಸಹ್ರಿಯಲ್ಲಿ ರಾಗಿ ಅಂಬಲಿಗೆ ಅಥವಾ ಮೊಸರಿಗೆ ಒಂದು ಚಮಚ ಬೆರೆಸಿದರೆ ರುಚಿ. ಕರಿ ಜೇನಿನ ಜೋರು ವಾಸನೆ ಹಿಡಿಸದವರಿಗೂ ಹೀಗೆ ಬೆರೆಸಿದಾಗ ಒಗ್ಗುತ್ತದೆ.

ಬೆಂಕಿ ತಾಗಿದರೆ ಮೊದಲು ಇಪ್ಪತ್ತು ನಿಮಿಷ ತಣ್ಣೀರು ಹರಿಯಬಿಡಿ. ಅಡುಗೆಮನೆಯ ಜೇನನ್ನು ಆಳವಾದ ಗಾಯಕ್ಕೆ ಹಚ್ಚಬೇಡಿ. ಆಸ್ಪತ್ರೆಯಲ್ಲಿ ಗಾಯಕ್ಕೆ ಬಳಸುವ ಜೇನು ಬೇರೆ, ಅದನ್ನು ರೋಗಾಣುರಹಿತ ಮಾಡಿರುತ್ತಾರೆ. ಜೇನನ್ನು ಗಾಜಿನ ಬಾಟಲಿಯಲ್ಲಿ, ಬಿಸಿಲು ಬೀಳದ ಕಡೆ ಇಡಿ. ಫ್ರಿಜ್ ಬೇಡ. ಒದ್ದೆ ಚಮಚ ಅದ್ದಿದರೆ ಹುಳಿಯುತ್ತದೆ.

ಪಾಂಡವಪುರದ ಚಾಚಾ ಎರಡು ವಾರದ ಬಳಿಕ ಮತ್ತೆ ಬಂದಿದ್ದರು. ಮೊಮ್ಮಗನ ಕೆಮ್ಮು ನಾಲ್ಕೈದು ದಿನದಲ್ಲಿ ಇಳಿದಿತ್ತು. ಮನೆಗೆ ಹೊಸ ಮೊಮ್ಮಗಳು ಬಂದಿದ್ದಳು. ಅವಳ ತಹ್ನೀಕ್ ಖರ್ಜೂರದಿಂದ ಆಯಿತು ಎಂದು ಹೇಳಿ ನನಗೂ ನಾಲ್ಕು ಖರ್ಜೂರ ಕೊಟ್ಟರು. ಕರಿ ಜೇನಿನ ಬಾಟಲಿ ಏನಾಯಿತು ಎಂದು ಕೇಳಿದೆ.

“ಕಪಾಟಿನ ಮೇಲಿನ ಹಲಗೆಯಲ್ಲಿ ಇಟ್ಟಿದ್ದೇನೆ. ಅವಳ ಮೊದಲ ಹುಟ್ಟುಹಬ್ಬ ಆಗೋವರೆಗೆ ಕೆಳಗೆ ಇಳಿಸಬಾರದು ಅಂತ ಮನೆಯವರಿಗೆಲ್ಲ ಹೇಳಿದ್ದೇನೆ” ಎಂದರು.

ನಿಮ್ಮ ಮನೆಯಲ್ಲೂ ಹಸುಗೂಸಿದ್ದರೆ, ಇಲ್ಲವೇ ಬರುವುದಿದ್ದರೆ, ಈ ಪುಟವನ್ನು ಮನೆಯ ಅಜ್ಜಿಗೆ ಒಮ್ಮೆ ಓದಿ ಹೇಳಿ. ಹೆರಿಗೆಗೆ ಮುಂಚೆಯೇ ಹೇಳಿ.